ಮಸ್ಕತ್ತಿಗೆ ಹೋಗಿ ಚೀಲ ಬದಲಿಸಲು ಕಲಿತದ್ದು

ಕಾವೂರು

ನಮ್ಮ ಮಹಿಳಾ ಮಂಡಲದ ವಾರ್ಷಿಕ ಸಂಚಿಕೆಗೆ ವಿದೇಶಕ್ಕೆ ಹೋಗಿ ಬಂದವರು ಬರೆದು ಕೊಡಬೇಕಂತೆ. ಹೋದ ವರ್ಷ ಒಬ್ಬರು ಸಿಂಗಾಪುರದ ಹೂದೋಟದ ಬಗ್ಗೆ ಬರೆದಿದ್ದರು. ಓದಿದೆ, ಚೆನ್ನಾಗಿತ್ತು. ನನ್ನ ಹತ್ತಿರ ಅಂಥದ್ದು ಇಲ್ಲ. ನಾನು ಮಸ್ಕತ್ತಿನಲ್ಲಿ ಎರಡೂವರೆ ತಿಂಗಳು ಇದ್ದೆ. ಕೋಟೆ ನೋಡಲಿಲ್ಲ. ದೊಡ್ಡ ಮಸೀದಿಯನ್ನು ಕಾರಿನ ಕಿಟಕಿಯಿಂದ ನೋಡಿದೆ. ಸಮುದ್ರಕ್ಕೆ ಒಂದು ಸಲ ಹೋದೆ. ಪಣಂಬೂರಿನಲ್ಲಿ ಇರುವ ನೀರೇ ಅಲ್ಲಿಯೂ ಇರುವುದು. ಸರಿಯಾಗಿ ನೋಡಿದ್ದು ಎಂದರೆ ಒಂದು ಆಸ್ಪತ್ರೆಯ ಪಾಠದ ಕೋಣೆ ಮತ್ತು ಮಗಳ ಮನೆಯ ಒಂದು ಮೂಲೆ. ಅದನ್ನೇ ಬರೆಯುತ್ತೇನೆ, ಬೇಡವಾದರೆ ಹಾಕಬೇಡಿ ಎಂದು ಕಾರ್ಯದರ್ಶಿಗೆ ಮೊದಲೇ ಹೇಳಿದ್ದೇನೆ.

ನಾನು ಶಾಲೆಗೆ ಹೋದದ್ದು ಐದನೆಯ ಕ್ಲಾಸಿನವರೆಗೆ. ಆಮೇಲೆ ಬೀಡಿ. ನಲವತ್ತೈದು ವರ್ಷ ತಡ್ಪೆಯನ್ನು, ಅಂದರೆ ಎಲೆ, ಹೊಗೆಸೊಪ್ಪಿನ ಮೊರವನ್ನು, ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಕಟ್ಟಿದವಳು ನಾನು. ಕಾವೂರಿನಲ್ಲಿ ನನ್ನಷ್ಟು ಬೇಗ ಕಟ್ಟುವವರು ಯಾರೂ ಇರಲಿಲ್ಲ ಎಂದು ನಾನೇ ಹೇಳಬೇಕಾಗಿಲ್ಲ, ಕೇಳಿದರೆ ಬೇರೆಯವರೂ ಹೇಳುತ್ತಾರೆ.

ಮಗಳು ಮಮತಾ ಮಸ್ಕತ್ತಿನಲ್ಲಿ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಹರೀಶ ಮರುಭೂಮಿಯ ಒಳಗೆ ಎಣ್ಣೆ ತೆಗೆಯುವ ಕ್ಯಾಂಪಿನಲ್ಲಿ ಇದ್ದಾನೆ. ಐದಾರು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮೊಮ್ಮಗಳು ಧನ್ವಿಗೆ ಎಂಟು ವರ್ಷ. ಹುಟ್ಟುವಾಗಲೇ ಮಗುವಿನ ಕಿಡ್ನಿ ಸಣ್ಣದು ಇತ್ತು. ಹೋದ ವರ್ಷ ಎರಡೂ ಕೆಲಸ ನಿಲ್ಲಿಸಿದವು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಮೆಷಿನಿಗೆ ಹಾಕಿ ರಕ್ತ ತೊಳೆಯುತ್ತಿದ್ದರು. ಕುತ್ತಿಗೆಯ ಬುಡದಲ್ಲಿ ಒಂದು ಟ್ಯೂಬ್. ಶಾಲೆ ಬಿಟ್ಟುಹೋಗಿತ್ತು.

ಅಲ್ಲಿನ ಡಾಕ್ಟರು ಇನ್ನೊಂದು ದಾರಿ ಹೇಳಿದರು. ಹೊಟ್ಟೆಗೆ ಸಣ್ಣ ಟ್ಯೂಬ್ ಇಟ್ಟು, ಅದರಿಂದ ಒಂದು ಚೀಲ ಮದ್ದಿನ ನೀರನ್ನು ಒಳಗೆ ಬಿಡುವುದು. ನಾಲ್ಕೈದು ಗಂಟೆ ಬಿಟ್ಟು ಅದನ್ನು ಹೊರಗೆ ತೆಗೆದು ಹೊಸ ನೀರು ಬಿಡುವುದು. ದಿನಕ್ಕೆ ನಾಲ್ಕು ಸಲ. ಮೆಷಿನ್ ಬೇಡ, ಮನೆಯಲ್ಲೇ ಆಗುತ್ತದೆ, ಮಗು ಶಾಲೆಗೆ ಹೋಗಬಹುದು. ಆದರೆ ಮನೆಯವರು ಆಸ್ಪತ್ರೆಯಲ್ಲಿ ಕಲಿತು ಪಾಸಾಗಬೇಕು. ಬೆಳಿಗ್ಗೆಯದ್ದು, ಮಲಗುವಾಗಿನದ್ದು ಮಮತಾ ಮಾಡುತ್ತಾಳೆ. ಮಧ್ಯಾಹ್ನದ್ದು, ಸಂಜೆಯದ್ದು ಯಾರು? ಅವಳ ಕೆಲಸದಿಂದಲೇ ಮಗುವಿನ ವಿಮೆ ಇರುವುದು, ಕೆಲಸ ಬಿಡುವ ಹಾಗಿಲ್ಲ.

"ಅಮ್ಮ, ನೀವು ಬರ್ಬೇಕು. ಇಲ್ಲಿ ಅವರೇ ಕಲಿಸ್ತಾರೆ" ಎಂದು ಫೋನಿನಲ್ಲಿ ಹೇಳಿದಳು.

"ನನಗೆ ಎಂತ ಕಲಿಸುದು ಮಾರಾಯ್ತಿ? ನನಗೆ ಇಂಗ್ಲಿಷ್ ಉಂಟಾ?"

"ಬಾಯಿಂದ ಅಲ್ಲಮ್ಮ, ಕೈಯಿಂದ ಮಾಡ್ಲಿಕ್ಕೆ ಇರುದು. ನಿಮ್ಮ ಕೈ ಚುರುಕು ಉಂಟಲ್ಲ, ಅದು ಸಾಕು."

ನನಗೂ ಹಾಗೆಯೇ ಕಂಡಿತು. ಹೊರಟೆ.

ನನ್ನ ಗಂಡನೂ ಕಿಡ್ನಿಯಲ್ಲೇ ಹೋದದ್ದು. ಎರಡು ವರ್ಷ ಮಂಗಳೂರಿನ ಫಳ್ನೀರ್‌ನ ಒಂದು ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಅಲ್ಲಿ ನಾನು ಕಲಿತದ್ದು ಬಾಗಿಲಿನ ಹೊರಗೆ ಕುಳಿತುಕೊಳ್ಳಲು. ಒಳಗೆ ಇಣುಕಿದರೆ "ಅಮ್ಮ, ಹೊರಗೆ ಇರಿ" ಎನ್ನುತ್ತಿದ್ದರು. ಒಳಗೆ ಏನು ಮಾಡುತ್ತಾರೆ ಎಂದು ನಮಗೆ ಹೇಳಿದವರಿಲ್ಲ, ನಾವೂ ಕೇಳಿದವರಲ್ಲ.

ವಿಮಾನದಲ್ಲಿ

ದಿನಕ್ಕೆ ಹತ್ತು ಸಲ ನನ್ನ ಮನೆಯ ಮಾಡಿನ ಮೇಲಿಂದ ಹೋಗುವ ವಿಮಾನದ ಒಳಗೆ ನಾನು ಕುಳಿತದ್ದು ಅದೇ ಮೊದಲು. ಪಕ್ಕದಲ್ಲಿ ಒಬ್ಬರು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು, ಅರುವತ್ತರ ಆಸುಪಾಸು. ಮಸ್ಕತ್ತಿನಲ್ಲಿ ಬಟ್ಟೆಯ ಅಂಗಡಿಯಂತೆ.

"ಮಗಳ ಬಾಣಂತನಕ್ಕಾ ಅಮ್ಮ?" ಎಂದು ಕೇಳಿದರು.

"ಅಲ್ಲ, ಕಲೀಲಿಕ್ಕೆ."

"ಎಂತ ಕಲೀಲಿಕ್ಕೆ?"

"ಡಯಾಲಿಸಿಸ್."

"ನನ್ನ ಮಗನಿಗೆ ಡಾಕ್ಟರು ಆಗು ಅಂತ ಹೇಳಿ ಹೇಳಿ ನನಗೆ ಸಾಕಾಯ್ತು ಮಾರ್ರೆ. ನೀವು ಈ ಪ್ರಾಯದಲ್ಲಿ ಹೊರಟಿದ್ದೀರಲ್ಲ" ಎಂದು ನಕ್ಕರು. ಯಾರಿಗೆ ಎಂದು ಆಮೇಲೆ ಕೇಳಿದರು. ಹೇಳಿದೆ. ಮತ್ತೆ ನಗಲಿಲ್ಲ. ಇಳಿಯುವಾಗ ನನ್ನ ಚೀಲವನ್ನು ಮೇಲಿನಿಂದ ತೆಗೆದುಕೊಟ್ಟು, ದಾರಿ ತೋರಿಸಿ, ಮಗಳು ಕಣ್ಣಿಗೆ ಬೀಳುವವರೆಗೆ ಜೊತೆಯಲ್ಲೇ ಬಂದರು.

ಮಗಳ ಮನೆ

ಮನೆಗೆ ಹೋದವಳೇ ಪೆಟ್ಟಿಗೆ ಬಿಚ್ಚಿದೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಹಣ್ಣಿನ ಹಲ್ವ, ಒಣಗಿದ ಸಿಗಡಿ. ಮಗುವಿಗೆಂದು ಹದಿನೈದು ದಿನ ಮಾಡಿದ್ದು. ಮಮತಾ ಒಂದೊಂದನ್ನೇ ಎತ್ತಿ ನೋಡಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಳು.

"ಇದರಲ್ಲಿ ಉಪ್ಪು. ಇದರಲ್ಲೂ ಉಪ್ಪು. ಬಾಳೆಹಣ್ಣು ಆಗುದೇ ಇಲ್ಲ ಅವಳಿಗೆ. ಸಿಗಡಿಯೂ ಬೇಡ."

"ಹಾಗಾದ್ರೆ ಎಂತ ತಿನ್ನುದು ಅವಳು?"

"ಬರೆದು ಅಂಟಿಸಿದ್ದೇನೆ, ನೋಡಿ" ಎಂದು ಗೋಡೆ ತೋರಿಸಿದಳು. ನೀರಿಗೂ ಲೆಕ್ಕ. ಒಂದು ಸಣ್ಣ ಬಾಟಲಿ, ಇಡೀ ದಿನಕ್ಕೆ ಅಷ್ಟೇ. ಮಗು ಅದನ್ನು ಮುಚ್ಚಳದಲ್ಲಿ ಸುರಿದುಕೊಂಡು ಕುಡಿಯುತ್ತಿತ್ತು. ಅದರ ಕಾಲು ಬೀಡಿಯ ಹಾಗೆ ಸಪೂರ ಇತ್ತು. ಮುಖ ಮಾತ್ರ ಊದಿತ್ತು.

ಕೈ ತೊಳೆಯಲು ಹೋಗಿ ಮೊದಲ ದಿನವೇ ಕೈ ಸುಟ್ಟುಕೊಂಡೆ. ತಣ್ಣೀರಿನ ನಲ್ಲಿಯಲ್ಲಿ ಕುದಿಯುವ ನೀರು. ಅಲ್ಲಿ ಮೇ ತಿಂಗಳಿನಲ್ಲಿ ಮಾಳಿಗೆಯ ಮೇಲಿನ ಟ್ಯಾಂಕ್ ಹಾಗೆ ಕಾಯುತ್ತದೆ. ಅದಕ್ಕೆ ಅಲ್ಲಿಯ ಜನ ಗೀಸರ್ ಆರಿಸಿಟ್ಟು, ಅದರ ಒಳಗೆ ಇರುವ ನೀರನ್ನು ತಣ್ಣೀರು ಎಂದು ಬಳಸುತ್ತಾರೆ. ಬಿಸಿ ಬೇಕಾದರೆ ತಣ್ಣೀರಿನ ನಲ್ಲಿ, ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ. ಹೊರಗೆ ಮಧ್ಯಾಹ್ನ ಒಂದು ನರಪಿಳ್ಳೆ ಕಾಣುವುದಿಲ್ಲ. ಮನೆಗಳೆಲ್ಲ ಬಿಳಿ. ನಮ್ಮ ಊರಿನ ನಂತೂರು ಸರ್ಕಲಿನ ಲಾರಿಗಳ ಗಲಾಟೆಯಾದರೂ ಇದ್ದಿದ್ದರೆ ಎಂದು ಅನಿಸುವಷ್ಟು ಮೌನ.

ಪಾಠದ ಕೋಣೆ, ಮೊದಲ ದಿನ

ಕೋಣೆಯಲ್ಲಿ ಒಂದು ಮೇಜು, ಒಂದು ಸಿಂಕ್, ಗೋಡೆಯ ತುಂಬ ಚಿತ್ರ. ಕಲಿಯುವವರು ಇಬ್ಬರೇ. ನಾನು, ಮತ್ತೆ ಗಂಡನಿಗಾಗಿ ಕಲಿಯಲು ಬಂದ ಆ ಊರಿನ ಒಬ್ಬ ಹೆಂಗಸು. ಪ್ರಾಯ ನನ್ನದೇ. ಹೆಸರು ಕೇಳಿದರೆ "ಉಮ್ಮ್ ಸಾಲಿಂ" ಎಂದಳು. ಸಾಲಿಮನ ತಾಯಿ ಎಂದು ಅರ್ಥವಂತೆ. ನಿನ್ನ ಸ್ವಂತ ಹೆಸರು ಏನು ಎಂದು ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದೆ. ಅವಳಿಗೂ ಅಷ್ಟೇ ಹಿಂದಿ ಬರುತ್ತಿತ್ತು. ಅದು ನಿನಗೆ ಯಾಕೆ ಎಂಬಂತೆ ನಕ್ಕಳು. ಅವಳ ಗಂಡ ಹೊರಗೆ ಕುರ್ಚಿಯಲ್ಲಿ ಕೋಲು ಹಿಡಿದುಕೊಂಡು ಕುಳಿತಿದ್ದ. ಫಳ್ನೀರ್‌ನಲ್ಲಿ ರೋಗಿ ಒಳಗೆ, ನಾವು ಹೊರಗೆ. ಇಲ್ಲಿ ರೋಗಿ ಹೊರಗೆ, ನಾವು ಒಳಗೆ.

ಉಮ್ಮ್ ಸಾಲಿಂ ಪಾಠಕ್ಕೆ ಕಾಫಿಯ ಫ್ಲಾಸ್ಕ್ ಮತ್ತು ಖರ್ಜೂರ ತರುತ್ತಿದ್ದಳು. ಕಪ್ ಎಂದರೆ ಹೆಬ್ಬೆರಳಿನಷ್ಟು. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಮಾತ್ರ. ಕುಡಿದು ಕಪ್ ಕೊಟ್ಟೆ, ತುಂಬಿಸಿದಳು. ಮತ್ತೆ ಕುಡಿದೆ, ಮತ್ತೆ ತುಂಬಿಸಿದಳು. ಬೇಡ ಎಂದು ತಲೆ ಅಲ್ಲಾಡಿಸಿದರೂ ಬಿಡಲಿಲ್ಲ. ಏಳನೆಯದಕ್ಕೆ ನನ್ನ ಎದೆ ಡವಡವ ಎನ್ನತೊಡಗಿತು. ಕೊನೆಗೆ ಅವಳೇ ನನ್ನ ಮಣಿಕಟ್ಟು ಹಿಡಿದು ಕಪ್ಪನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದಳು. ಸಾಕು ಎನ್ನುವುದು ಹಾಗಂತೆ. ತಲೆ ಅಲ್ಲ, ಕಪ್ ಅಲ್ಲಾಡಬೇಕು.

ಕಲಿಸುವ ನರ್ಸ್ ರೋವೆನಾ, ಫಿಲಿಪ್ಪೀನ್ಸಿನವಳು. ಸಪೂರದ ಹೆಂಗಸು. ತನ್ನ ಹೊಟ್ಟೆಗೆ ಹತ್ತಿ ತುಂಬಿದ ಬಟ್ಟೆಯ ಹೊಟ್ಟೆಯೊಂದನ್ನು ಕಟ್ಟಿಕೊಂಡು ಬರುತ್ತಿದ್ದಳು. ಅದರಿಂದ ಒಂದು ಟ್ಯೂಬ್ ನೇತಾಡುತ್ತಿತ್ತು. ನಾವಿಬ್ಬರೂ ನಕ್ಕೆವು. ಅವಳೂ ನಕ್ಕಳು. ನಮಗೆ ಇಂಗ್ಲಿಷ್ ಓದಲು ಬಾರದು ಎಂದು ತಿಳಿದು ಎಲ್ಲವನ್ನೂ ಚಿತ್ರದಲ್ಲಿ ಬರೆದಿದ್ದಳು. ಕಿಟಕಿ ಮುಚ್ಚು. ಫ್ಯಾನ್, ಏಸಿ ಆರಿಸು. ಮಾಸ್ಕ್ ಹಾಕು. ಕೈ ತೊಳೆ. ಚೀಲ ನೋಡು. ಟ್ಯೂಬಿನ ತುದಿಯ ಮುಚ್ಚಳ ತೆಗೆ, ಚೀಲದ ಬಾಯಿಗೆ ಜೋಡಿಸು. ಆ ಎರಡು ತುದಿಗಳು ತೆರೆದಿರುವಷ್ಟು ಹೊತ್ತು, ಅಂದರೆ ಒಂದು ಉಸಿರಿನಷ್ಟು ಹೊತ್ತು, ಯಾವುದೂ ಅದಕ್ಕೆ ತಾಗಬಾರದು. ತಾಗಿದರೆ ಕೈಯ ಕ್ರಿಮಿ ನೇರ ಹೊಟ್ಟೆಯೊಳಗೆ. ಇದೇ ಪಾಠದ ಮುಖ್ಯ ವಿಷಯ.

ಮೊದಲ ದಿನ ಮಮತಾ ರಜೆ ಹಾಕಿ ಬಂದು ಇಂಗ್ಲಿಷನ್ನು ಕನ್ನಡ ಮಾಡಿ ಹೇಳಿದಳು. ಮರುದಿನದಿಂದ ನಾವು, ರೋವೆನಾ, ಚಿತ್ರ.

ತಪ್ಪು ಮಾಡಿದರೆ ರೋವೆನಾ ಬೈಯುವುದಿಲ್ಲ. "ಅಗೇನ್" ಎನ್ನುತ್ತಾಳೆ. ಹತ್ತು ಸಲ ತಪ್ಪಿದರೆ ಹತ್ತು ಸಲ "ಅಗೇನ್", ಅದೇ ಮುಖದಲ್ಲಿ. ಕಟ್ಟಿದ ಬೀಡಿ ಒಪ್ಪಿಸುವ ನಮ್ಮ ಬ್ರಾಂಚ್‌ನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ ಕೆಟ್ಟ ಬೀಡಿಯನ್ನು ಮುಖದ ಎದುರೇ ಮುರಿದು ಬಿಸಾಡುತ್ತಿದ್ದ. ಅದು ನನಗೆ ಅರ್ಥವಾಗುತ್ತಿತ್ತು. ಬೈಯದವರ ಮುಂದೆ ನಾನು ಎಲ್ಲಿದ್ದೇನೆ ಎಂದು ಗೊತ್ತಾಗುತ್ತಿರಲಿಲ್ಲ.

ಮೂರನೆಯ ದಿನ

ಎರಡು ದಿನ ಕಳೆಯುವಷ್ಟರಲ್ಲಿ ನನಗೆ ಎಲ್ಲ ಬರುತ್ತದೆ ಎಂದು ನಂಬಿದ್ದೆ. ಉಮ್ಮ್ ಸಾಲಿಂ ನಿಧಾನ. ನಾನು ಮುಗಿಸಿ ಕುಳಿತಾಗ ಅವಳು ಇನ್ನೂ ಮಾಸ್ಕ್ ಕಟ್ಟುತ್ತಿದ್ದಳು. ಮೂರನೆಯ ದಿನ ರೋವೆನಾ ನಮ್ಮ ಕೈಗೆ ಒಂದು ಪುಡಿ ಹಚ್ಚಿದಳು. ಕಣ್ಣಿಗೆ ಕಾಣದ ಪುಡಿ. ಬಟ್ಟೆಯ ಹೊಟ್ಟೆಗೆ ಚೀಲ ಜೋಡಿಸಲು ಹೇಳಿದಳು. ಜೋಡಿಸಿದೆವು. ಆಮೇಲೆ ದೀಪ ಆರಿಸಿ ಒಂದು ನೀಲಿ ಲೈಟ್ ಹಿಡಿದಳು. ಕೈ ತಾಗಿದ ಕಡೆಯೆಲ್ಲ ಹಸಿರಾಗಿ ಹೊಳೆಯಿತು. ಉಮ್ಮ್ ಸಾಲಿಮಳ ಟ್ಯೂಬಿನ ತುದಿ ಕಪ್ಪಗೇ ಇತ್ತು. ನನ್ನದರ ತುದಿಯಲ್ಲಿ ಉಗುರಿನಷ್ಟು ದೊಡ್ಡ ಹಸಿರು ಚುಕ್ಕೆ.

"ಅಗೇನ್" ಎಂದಳು.

ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅಲ್ಲೇ ಚುಕ್ಕೆ. ಮುಟ್ಟಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಣ್ಣು ಬಿಟ್ಟು ನೋಡುತ್ತಿದ್ದರೂ ಗೊತ್ತಾಗುತ್ತಿರಲಿಲ್ಲ.

ರೋವೆನಾ ಮಮತಾಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. "ಅಮ್ಮ, ನೀವು ಊರಲ್ಲಿ ಎಂತ ಕೆಲಸ ಮಾಡುದು ಅಂತ ಕೇಳ್ತಿದ್ದಾಳೆ ಅವಳು. ನಾನು ಹೇಳಿದೆ. ಅವಳಿಗೆ ಬೀಡಿ ಗೊತ್ತಿಲ್ಲ. ಕಾಗದದಲ್ಲಿ ಮಾಡಿ ತೋರಿಸಿ ಅಂತೆ."

ಒಂದು ಕಾಗದವನ್ನು ಎಲೆಯ ಅಳತೆಗೆ ಕತ್ತರಿಸಿ ಸುತ್ತಿ ತೋರಿಸಿದೆ. ನಿಧಾನ, ನಿಧಾನ ಎಂದಳು. ನಿಧಾನವಾಗಿ ಮಾಡಿದೆ. ಸುತ್ತಿ, ಹೆಬ್ಬೆರಳ ಉಗುರಿನಿಂದ ಬಾಯಿಯ ಅಂಚನ್ನು ಒಳಗೆ ಮಡಚಿ, ದಾರ ಕಟ್ಟುವ ಹಾಗೆ ಮಾಡಿದೆ. ಅವಳು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಳು. ಆಗ ನನಗೂ ಗೊತ್ತಾಯಿತು. ಸಪೂರವಾದ, ಉದ್ದವಾದ, ಬಾಯಿ ತೆರೆದದ್ದು ಏನೇ ಕೈಗೆ ಸಿಕ್ಕಲಿ, ನನ್ನ ಹೆಬ್ಬೆರಳು ಹೋಗಿ ಅದರ ಬಾಯಿ ಮುಚ್ಚುತ್ತದೆ. ನಲವತ್ತೈದು ವರ್ಷ ಅದಕ್ಕೆ ನಾನೇ ಕಲಿಸಿದ್ದು.

ಅಷ್ಟರವರೆಗೆ ನನಗೆ ನನ್ನ ಕೈಯ ಮೇಲೆ ಅಹಂಕಾರ ಇತ್ತು. ಆ ಕತ್ತಲೆ ಕೋಣೆಯಲ್ಲಿ ಅದು ಹೋಯಿತು.

ರೋವೆನಾ ನನ್ನ ಹೆಬ್ಬೆರಳಿಗೆ ಹತ್ತಿ ಇಟ್ಟು ದಪ್ಪಗೆ ಪ್ಲಾಸ್ಟರ್ ಸುತ್ತಿದಳು, ಬಗ್ಗದ ಹಾಗೆ. ನಾಲ್ಕನೆಯ ದಿನ ಪೂರ್ತಿ ಆ ಬೆರಳಿನಲ್ಲೇ ಅಭ್ಯಾಸ. ಐದನೆಯ ದಿನ ಪ್ಲಾಸ್ಟರ್ ತೆಗೆದು ಪರೀಕ್ಷೆ. ಮೂರು ಸಲ ಸಾಲಾಗಿ ಸರಿ ಆಗಬೇಕು. ಆಯಿತು. ನೀಲಿ ಲೈಟ್ ಹಿಡಿದು ನೋಡಿದಳು, ಮೂರು ಸಲವೂ ತುದಿ ಕಪ್ಪಗೆ ಇತ್ತು. ಉಮ್ಮ್ ಸಾಲಿಂ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಆ ಊರಿನ ಹೆಂಗಸರು ಹಾಗೆ, ಕೇಳಿ ಮಾಡುವುದಿಲ್ಲ.

ಮಮತಾ ಕರೆದುಕೊಂಡು ಹೋಗಲು ಬಂದಾಗ ರೋವೆನಾ ಒಂದು ಮಾತನ್ನು ಅವಳಿಂದ ಮೂರು ಸಲ ಹೇಳಿಸಿದಳು.

"ಅಮ್ಮ, ತಾಗಿದ್ರೆ ಕೂಡಲೇ ಫೋನ್ ಮಾಡ್ಬೇಕಂತೆ. ಯಾವ ಹೊತ್ತಾದ್ರೂ ಸರಿ. ಟ್ಯೂಬಿನ ಹೊರಗಿನ ತುಂಡು ಬದಲಿಸಿ ಮದ್ದು ಕೊಡ್ತಾರಂತೆ. ಯಾರೂ ಬೈಯುದಿಲ್ಲಂತೆ."

ನನ್ನ ಬಾಯಿಯಿಂದಲೂ ಹೇಳಿಸಿದಳು. ಹೇಳಿದೆ. ತಾಗಿದರೆ ಫೋನ್ ಮಾಡುತ್ತೇನೆ.

ಮಧ್ಯಾಹ್ನಗಳು

ಮಗು ಶಾಲೆಗೆ ಹೋಗತೊಡಗಿತು. ಹೊಟ್ಟೆಗೆ ಟ್ಯೂಬ್ ಇಟ್ಟಾಗಿತ್ತು, ಕುತ್ತಿಗೆಯದ್ದನ್ನು ತೆಗೆದರು. ಮಧ್ಯಾಹ್ನ ಬಸ್ಸಿನಿಂದ ಇಳಿದು ಬಂದು, ಊಟ ಮಾಡಿ, ಮೂಲೆಯ ಕುರ್ಚಿಯಲ್ಲಿ ಕುಳಿತು ಹೋಮ್‌ವರ್ಕ್ ಬರೆಯುತ್ತಿದ್ದಳು. ನಾನು ಚೀಲ ನೇತು ಹಾಕುತ್ತಿದ್ದೆ.

"ಅಜ್ಜಿ, ಮಾಸ್ಕ್ ಮೂಗಿನ ಕೆಳಗೆ ಉಂಟು."

"ನನ್ನ ಮೂಗು ನನಗೆ ಗೊತ್ತಿಲ್ವಾ?"

"ರೋವೆನಾ ಆಂಟಿಗೆ ಹೇಳ್ತೇನೆ."

"ಹೇಳು. ನನ್ನನ್ನು ಊರಿಗೆ ಕಳಿಸ್ತಾರೆ. ಆಮೇಲೆ ನಿನಗೆ ಚೀಲ ಹಾಕುದು ಬಸ್ಸಿನ ಡ್ರೈವರಾ?"

ನಗುತ್ತಿದ್ದಳು. ನಕ್ಕರೆ ಟ್ಯೂಬ್ ಅಲುಗಾಡುತ್ತದೆ, ನಗಬೇಡ ಎಂದು ಗದರುತ್ತಿದ್ದೆ. ಏಸಿ ಆರಿಸಿದ ಕೋಣೆಯಲ್ಲಿ ಇಬ್ಬರೂ ಬೆವರುತ್ತಿದ್ದೆವು.

ಹೊರಗೆ ಬಂದ ನೀರಿನ ಚೀಲವನ್ನು ಅಕ್ಷರ ಇರುವ ಕಾಗದದ ಮೇಲೆ ಇಟ್ಟು ನೋಡಬೇಕು. ಚೀಲದ ಮೂಲಕ ಅಕ್ಷರ ಓದಲು ಬಂದರೆ ನೀರು ಸರಿ ಉಂಟು ಎಂದು ಅರ್ಥ. ನನಗೆ ಇಂಗ್ಲಿಷ್ ಬಾರದ ಕಾರಣ ಮಮತಾ ಊರಿನ ಕ್ಯಾಲೆಂಡರಿನ ಹಳೆಯ ಹಾಳೆ ಕೊಟ್ಟಿದ್ದಳು. ದಿನಕ್ಕೆ ಎರಡು ಸಲ ಚೀಲದ ಅಡಿಯಲ್ಲಿ ಏಕಾದಶಿ, ಸಂಕ್ರಮಣ ಎಂದು ಓದುತ್ತಿದ್ದೆ. ಓದಿ, ಪಟ್ಟಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ.

ಹೀಗೆ ಇಪ್ಪತ್ತು ದಿನ ನಡೆಯಿತು. ನನ್ನ ಪ್ರವಾಸದಲ್ಲಿ ಒಳ್ಳೆಯದು ಎಂದು ಏನಾದರೂ ಇದ್ದರೆ ಅದು ಆ ಇಪ್ಪತ್ತು ದಿನ.

ಆಮೇಲೆ ಒಂದು ಮಂಗಳವಾರ. ಕೈ ತೊಳೆದಿದ್ದೆ, ಎಲ್ಲ ಸರಿಯಾಗಿಯೇ ಮಾಡಿದ್ದೆ. ಟ್ಯೂಬಿನ ಮುಚ್ಚಳ ತೆಗೆದೆ. ಹೆಬ್ಬೆರಳು ಅದರ ಬಾಯಿಗೆ ಹೋಯಿತು. ಈ ಸಲ ಗೊತ್ತಾಗಲಿಲ್ಲ ಎಂದು ಹೇಳಲಾರೆ. ಉಗುರಿಗೆ ತುದಿ ತಾಗಿದ್ದು ಗೊತ್ತಾಯಿತು. ಮಗು ಪೆನ್ಸಿಲ್ ತೆಗೆಯಲು ಬಗ್ಗಿದ್ದವಳು ತಲೆ ಎತ್ತಿದಳು.

"ಅಜ್ಜಿ, ತಾಗ್ತಾ?"

"ಇಲ್ಲ. ನೀನು ಬರಿ."

ಅವಳು ಬರೆದಳು. ನಾನು ಚೀಲ ಜೋಡಿಸಿದೆ.

ಯಾಕೆ ಹಾಗೆ ಹೇಳಿದೆ ಎಂದು ತುಂಬ ಯೋಚಿಸಿದ್ದೇನೆ. ಮಮತಾಳಿಗೆ ಆ ತಿಂಗಳು ರಜೆ ಜಾಸ್ತಿ ಆಗಿತ್ತು, ಕಚೇರಿಯಲ್ಲಿ ಕರೆದು ಮಾತಾಡಿದ್ದರು, ಅದು ನೆಪ. ಆ ಹೊತ್ತಿಗೆ ನನ್ನ ತಲೆಯಲ್ಲಿ ಅದು ಇರಲಿಲ್ಲ. ಬೀಡಿ ಕಟ್ಟುವವರಿಗೆ ನಾನು ಹೇಳುವುದು ಅರ್ಥವಾದೀತು. ಒಂದು ಬೀಡಿ ಕೆಟ್ಟರೆ ನಾವು ಅದನ್ನು ಬಿಚ್ಚುವುದಿಲ್ಲ. ಇಪ್ಪತ್ತೈದರ ಕಟ್ಟಿನಲ್ಲಿ ನಡುವೆ ಸೇರಿಸುತ್ತೇವೆ. ಸುತ್ತ ಒಳ್ಳೆಯದು, ನಡುವೆ ಅದೊಂದು. ಚೆಕ್ಕರ್ ಹೊರಗಿನ ಸಾಲು ನೋಡಿ ಬಿಡುತ್ತಾನೆ. ಎಲ್ಲರೂ ಮಾಡುವುದೇ, ನಾನೂ ಮಾಡಿದ್ದೇನೆ. ನಾಲ್ಕು ದಶಕ ಮಾಡಿದ್ದೇನೆ, ಯಾರೂ ಸತ್ತಿಲ್ಲ. ಇಪ್ಪತ್ತು ದಿನ ಸರಿ ಮಾಡಿದ ಚೀಲಗಳ ನಡುವೆ ಇದೊಂದನ್ನು ಹಾಗೆ ಸೇರಿಸಿದೆ. ಪಟ್ಟಿಯಲ್ಲಿ ಸರಿ ಗುರುತು ಹಾಕಿದೆ.

ವಾರ್ಡ್

ಗುರುವಾರ ಶಾಲೆಯಿಂದ ಬಂದವಳು ಊಟ ಬೇಡ ಎಂದಳು. ಹೊಟ್ಟೆ ಹಿಡಿದುಕೊಂಡು ಮಲಗಿದಳು. ನೀರು ಹೊರಗೆ ತೆಗೆದೆ. ಗಂಜಿ ತಿಳಿಯ ಹಾಗೆ ಬಂತು. ಕ್ಯಾಲೆಂಡರಿನ ಮೇಲೆ ಇಟ್ಟರೆ ಭಾನುವಾರದ ದೊಡ್ಡ ಕೆಂಪು ಅಕ್ಷರವೂ ಕಾಣಲಿಲ್ಲ. ಮಮತಾಳಿಗೆ ಫೋನ್ ಮಾಡಿದೆ. ಅವಳು ಬಂದಳು, ಕಾರಿಗೆ ಹಾಕಿ ಹೊರಟೆವು. ಆಗಲೂ ನಾನು ಹೇಳಲಿಲ್ಲ.

ಹೊಟ್ಟೆಯೊಳಗೆ ಕೀವು ಆಗಿದೆ ಎಂದು ಐದು ದಿನ ಚೀಲದಲ್ಲೇ ಮದ್ದು ಬೆರೆಸಿ ಬಿಟ್ಟರು. ದಿನವೂ ಚೀಲ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ನೀರು ತಿಳಿಯಾಗಲಿಲ್ಲ. ಆರನೆಯ ದಿನ ಹೊಟ್ಟೆಯ ಟ್ಯೂಬ್ ತೆಗೆದುಹಾಕಿದರು. ಕುತ್ತಿಗೆಯಲ್ಲಿ ಮತ್ತೆ ಇನ್ನೊಂದು ಟ್ಯೂಬ್ ಇಟ್ಟರು, ಈ ಸಲ ಬಲಗಡೆಗೆ. ವಾರಕ್ಕೆ ಮೂರು ದಿನ ಮೆಷಿನ್. ಶಾಲೆಯವರು ಹೆಸರು ಹಾಗೇ ಇಟ್ಟುಕೊಳ್ಳುತ್ತೇವೆ ಎಂದರಂತೆ. ಹೆಸರು ಮಾತ್ರ ಹೋಗುತ್ತದೆ ಶಾಲೆಗೆ.

ಆ ದಿನ ಮಮತಾ ಡಾಕ್ಟರರ ಹತ್ತಿರ ಹೋಗಿದ್ದಾಗ ಮಗು ನನ್ನನ್ನು ಹತ್ತಿರ ಕರೆದಳು.

"ಅಜ್ಜಿ, ನಾನು ಅವತ್ತು ಪೆನ್ಸಿಲ್ ತೆಗೀಲಿಕ್ಕೆ ಬಗ್ಗಿದ್ದೆ ಅಲ್ವಾ? ಅದಕ್ಕಾ ಹೀಗಾದದ್ದು?"

"ಅಲ್ಲ."

"ಮತ್ತೆ ಎಂತಕ್ಕೆ? ನೀವು ತಾಗ್ಲಿಲ್ಲ ಅಂತ ಹೇಳಿದ್ರಿ. ಹಾಗಾದ್ರೆ ನಾನೇ ಅಲ್ವಾ?"

ಎಂಟು ವರ್ಷದ ಮಗು ಆರು ದಿನ ನೋವಿನಲ್ಲಿ ಮಲಗಿ ಮಾಡಿದ ಲೆಕ್ಕ ಅದು. ಲೆಕ್ಕದಲ್ಲಿ ತಪ್ಪಿಲ್ಲ. ನಾನು ಕೊಟ್ಟ ಸಂಖ್ಯೆ ತಪ್ಪು.

"ನೀನು ಅಲ್ಲ. ನನ್ನ ಕೈ ತಾಗಿತ್ತು. ನಾನು ಸುಳ್ಳು ಹೇಳಿದ್ದು" ಎಂದೆ.

"ಅಮ್ಮನಿಗೆ ಗೊತ್ತುಂಟಾ?"

"ಇಲ್ಲ."

"ನಾನು ಹೇಳುದಿಲ್ಲ" ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಅಷ್ಟು ಸಣ್ಣ ಮಗುವಿಗೂ ಮುಚ್ಚಿಡುವುದನ್ನು ಕಲಿಸಿದೆ ಎಂದು ಆಗ ಗೊತ್ತಾಯಿತು.

ಪಾಠದ ಕೋಣೆ, ಮತ್ತೊಮ್ಮೆ

ಹೀಗೆ ಕೀವು ಆದರೆ ಕಲಿಸಿದವರು ಮನೆಯವರನ್ನು ಕೂರಿಸಿ ಎಲ್ಲಿ ತಪ್ಪಿತು ಎಂದು ಕೇಳಬೇಕು, ಬರೆದಿಡಬೇಕು. ಅಲ್ಲಿ ಅದು ಪದ್ಧತಿ. ನನ್ನ ಗಂಡನಿಗೆ ಫಳ್ನೀರ್‌ನಲ್ಲಿ ಎರಡು ಸಲ ಟ್ಯೂಬಿನಲ್ಲಿ ಕೀವು ಆಗಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ, ನಾವು ಹಣೆಬರಹ ಎಂದು ಮನೆಗೆ ಬಂದೆವು. ಏನೂ ಕಲಿಸದಿದ್ದರೆ ಅದೊಂದು ಸುಖ ಉಂಟು. ತಪ್ಪು ಯಾರದ್ದೂ ಆಗುವುದಿಲ್ಲ.

ರೋವೆನಾ ಒಂದು ಕಾಗದ ಇಟ್ಟುಕೊಂಡು ಕುಳಿತಿದ್ದಳು. ಎದುರಿಗೆ ನಾನು, ಪಕ್ಕದಲ್ಲಿ ಮಾತನ್ನು ಭಾಷಾಂತರ ಮಾಡಲು ಮಮತಾ. ಕಿಟಕಿ ಮುಚ್ಚುತ್ತಿದ್ದಿರಾ, ಕೈ ಒರಸುತ್ತಿದ್ದದ್ದು ಯಾವುದರಲ್ಲಿ, ಚೀಲ ಎಲ್ಲಿ ಇಡುತ್ತಿದ್ದಿರಿ. ಒಂದೊಂದಕ್ಕೂ ನಾನು ಉತ್ತರ ಕೊಟ್ಟೆ, ಮಮತಾ ಹೇಳಿದಳು, ರೋವೆನಾ ಬರೆದಳು. ಆಮೇಲೆ ರೋವೆನಾ ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದಳು. ಅದರಲ್ಲಿ "ಟಚ್" ಎಂಬ ಶಬ್ದ ಇತ್ತು.

ಮಮತಾ ಅದನ್ನು ನನ್ನನ್ನು ಕೇಳಲೇ ಇಲ್ಲ. ತಾನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. "ನೋ" ಎಂದಳು. "ನೆವರ್" ಎಂದಳು. "ಮೈ ಮದರ್" ಎಂದು ಏನೋ ಉದ್ದಕ್ಕೆ ಹೇಳಿದಳು. ನನ್ನ ಕೈಯನ್ನು ಹಿಡಿದುಕೊಂಡು ಹೇಳಿದಳು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ.

"ಮಮತಾ, ಅವಳು ಕೇಳಿದ್ದು ನನ್ನ ಹತ್ತಿರ" ಎಂದೆ.

"ನಾನು ಹೇಳಿದೆ ಅಮ್ಮ, ಹಾಗೆಲ್ಲ ಆಗ್ಲಿಲ್ಲ ಅಂತ."

"ಆಗಿತ್ತು."

"ಎಂತ?"

"ಮಂಗಳವಾರ ಮಧ್ಯಾಹ್ನ. ಹೆಬ್ಬೆರಳು ತಾಗಿತ್ತು. ಗೊತ್ತಾಗಿತ್ತು ನನಗೆ. ಮಗು ಕೇಳಿದ್ದಕ್ಕೂ ಇಲ್ಲ ಅಂತ ಹೇಳಿದೆ. ಅದನ್ನು ಹಾಗೆಯೇ ಹೇಳು ಅವಳಿಗೆ. ಸೇರಿಸ್ಬೇಡ, ಬಿಡ್ಬೇಡ."

ಮಮತಾ ನನ್ನ ಕೈ ಬಿಟ್ಟಳು. ಹೊರಗೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು. ಆಮೇಲೆ ಮೇಜನ್ನು ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು. ನಾಲ್ಕು ವಾಕ್ಯ. ನಾನು ಎಣಿಸಿದೆ, ನಾನು ಹೇಳಿದಷ್ಟೇ ಇತ್ತು.

ರೋವೆನಾ ಪೆನ್ ಕೆಳಗೆ ಇಟ್ಟಳು. ಮೆಲ್ಲನೆ ಏನೋ ಕೇಳಿದಳು.

"ಫೋನ್ ಯಾಕೆ ಮಾಡ್ಲಿಲ್ಲ ಅಂತ ಕೇಳ್ತಾಳೆ" ಎಂದಳು ಮಮತಾ. ಅವಳ ದನಿ ಕಚೇರಿಯಲ್ಲಿ ಮಾತಾಡುವವರ ದನಿಯಾಗಿತ್ತು.

"ಮುಚ್ಚಿಡ್ಲಿಕ್ಕೆ ನೋಡಿದೆ ಅಂತ ಹೇಳು."

"ಅವತ್ತೇ ಮಾಡಿದ್ರೆ ಅರ್ಧ ಗಂಟೆಯ ಕೆಲಸ ಇತ್ತಂತೆ. ಹೊರಗಿನ ತುಂಡು ಬದಲಿಸಿ, ಒಂದು ಡೋಸ್ ಮದ್ದು. ಸಂಜೆಗೆ ಮನೆಗೆ ಬರಬಹುದಿತ್ತಂತೆ."

ರೋವೆನಾ ಅದನ್ನು ಬರೆದಳು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ತಾನು ಕಲಿಸಿದ್ದರಲ್ಲಿ ಎಲ್ಲಿ ಕಡಿಮೆಯಾಯಿತು ಎಂಬ ಜಾಗವೂ ಆ ಕಾಗದದಲ್ಲಿ ಇತ್ತಂತೆ. ಅದನ್ನೂ ಅವಳು ತುಂಬಿಸಿದಳು. ನನ್ನ ಸುಳ್ಳಿಗೆ ಅವಳು ತನ್ನ ಹೆಸರು ಬರೆದಳು. ಅದನ್ನು ನೋಡುತ್ತ ಕುಳಿತುಕೊಳ್ಳುವುದು ನನಗೆ ಬೇರೆ ಎಲ್ಲಕ್ಕಿಂತ ಕಷ್ಟವಾಯಿತು.

ಹೊಟ್ಟೆಯ ಗಾಯ ಮಾಗಿ ಇನ್ನೊಂದು ಟ್ಯೂಬ್ ಇಡಲು ಆಗುತ್ತದೋ ಇಲ್ಲವೋ ಎಂದು ಕೆಲವು ತಿಂಗಳು ಬಿಟ್ಟು ನೋಡುತ್ತಾರಂತೆ. ಒಳಗೆ ಅಂಟಿಕೊಂಡಿದ್ದರೆ ಆಗುವುದಿಲ್ಲ. ಟ್ಯೂಬ್ ಇಡಲು ಆದರೂ ಆಗ ಕಲಿಯಲು ಬೇರೆ ಯಾರಾದರೂ ಬೇಕು. ಹಾಗೆಂದು ಅವರು ಯಾರೂ ಹೇಳಲಿಲ್ಲ. ನಾನೇ ಹೇಳಿದೆ.

ಹೊರಡುವ ದಿನ

ಮನೆಯಲ್ಲಿ ಮಮತಾ ನನ್ನ ಹತ್ತಿರ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ಊಟ ಬಡಿಸಿದಳು, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಳು. ಮರುಭೂಮಿಯಿಂದ ಹರೀಶ ಫೋನ್ ಮಾಡಿದಾಗ "ಇನ್ಫೆಕ್ಷನ್ ಆಯ್ತು" ಎಂದಷ್ಟೇ ಹೇಳಿದಳು. ನನ್ನ ಹೆಸರು ಹೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆ ತುಂಬಿಸುತ್ತಿದ್ದೆವು. ಅವಳು ಸೀರೆ ಮಡಚಿ ಕೊಡುತ್ತಿದ್ದಳು. ಮಗು ಒಳಗೆ ನಿದ್ದೆ ಮಾಡುತ್ತಿತ್ತು; ಹಿಂದಿನ ದಿನ ಮೆಷಿನಿನ ದಿನ, ಮರುದಿನ ಹಾಗೆಯೇ ಬಿದ್ದುಕೊಂಡಿರುತ್ತದೆ.

"ಅಮ್ಮ" ಎಂದಳು, ನನ್ನನ್ನು ನೋಡದೆ. "ಅವತ್ತು ನೀವು ಫೋನ್ ಮಾಡಿ ಹೇಳಿದ್ರೆ ನಾನು ಎಂತ ಮಾಡ್ತಿದ್ದೆ ಹೇಳಿ?"

ಅವಳು ಕೊಟ್ಟ ಸೀರೆಯನ್ನು ಪೆಟ್ಟಿಗೆಯಲ್ಲಿ ಇಟ್ಟೆ.

"ಬೈತಿದ್ದೆ. ಅಷ್ಟೇ ಅಲ್ವಾ? ಕಾರಲ್ಲಿ ಹೋಗುವಾಗ ಬೈತಿದ್ದೆ, ಬರುವಾಗ ಬೈತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಮುಗೀತಿತ್ತು."

"ಈಗ ಬೈ" ಎಂದೆ.

ಅವಳು ಬೈಯಲಿಲ್ಲ. ಕೊನೆಯ ಸೀರೆ ಇಟ್ಟು, ಮೊಣಕಾಲಿನಿಂದ ಪೆಟ್ಟಿಗೆ ಒತ್ತಿ ಹಿಡಿದು ಜಿಪ್ ಎಳೆದಳು. ಎತ್ತಿ ತೂಕ ನೋಡಿದಳು.

"ಬರುವಾಗಿನಷ್ಟು ಭಾರ ಇಲ್ಲ" ಎಂದಳು.